ಅಂಡಾಣು ದಾನಕ್ಕೆ ಒಪ್ಪುವ ಮುನ್ನ

"ಹತ್ತು ದಿನ ಇಂಜೆಕ್ಷನ್, ಅರ್ಧ ಗಂಟೆಯ ಕೆಲಸ, ಸಂಜೆಗೆ ಮನೆ." ಅಂಡಾಣು ದಾನದ ಬಗ್ಗೆ ವಿಚಾರಿಸುವ ಹೆಣ್ಣುಮಕ್ಕಳಿಗೆ ಮೊದಲು ಸಿಗುವ ಉತ್ತರ ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಆ ಹತ್ತು ದಿನ ಮೈಯೊಳಗೆ ಏನಾಗುತ್ತದೆ, ಆಮೇಲೆ ಯಾವುದರ ಮೇಲೆ ನಿಗಾ ಇಡಬೇಕು, ತೊಂದರೆಯಾದರೆ ಖರ್ಚು ಯಾರದು ಎನ್ನುವುದು ಈ ಉತ್ತರದಲ್ಲಿ ಬರುವುದಿಲ್ಲ. ಮಗು ಬೇಕೆಂದು ಬಂದ ದಂಪತಿಯಷ್ಟೇ ಅಲ್ಲ, ದಾನಿಯೂ ಆ ಆಸ್ಪತ್ರೆಯ ರೋಗಿಯೇ. ಅವಳಿಗೂ ಪೂರ್ತಿ ವಿವರ ಸಿಗಬೇಕು.

ಮೊದಲು ಕಾನೂನು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ 2021ರದ್ದು, ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದರ ಪ್ರಕಾರ ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು. ಜೀವಮಾನದಲ್ಲಿ ಒಂದೇ ಸಲ ದಾನ, ತೆಗೆಯುವ ಅಂಡಾಣು ಏಳನ್ನು ಮೀರುವಂತಿಲ್ಲ. ಒಬ್ಬ ದಾನಿಯ ಅಂಡಾಣುಗಳನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಹಂಚುವಂತಿಲ್ಲ. ಎಲ್ಲವೂ ನೋಂದಾಯಿತ ಎಆರ್‌ಟಿ ಬ್ಯಾಂಕ್ ಮೂಲಕವೇ ನಡೆಯಬೇಕು. ಅಂಡಾಣು ಮಾರುವುದು, ದಾನಿಗಳನ್ನು ಹುಡುಕಲು ದಲ್ಲಾಳಿಗಳನ್ನು ಬಳಸುವುದು ಅಪರಾಧ. ಮೊದಲ ಸಲಕ್ಕೇ ಐದರಿಂದ ಹತ್ತು ಲಕ್ಷ ರೂಪಾಯಿ ದಂಡವಿದೆ.

ಈ ಬಿಗಿ ಏಕೆ ಬೇಕಿತ್ತೆಂದು ತಿಳಿಯಲು ದೂರ ಹೋಗಬೇಕಿಲ್ಲ. 2022ರಲ್ಲಿ ಪಕ್ಕದ ತಮಿಳುನಾಡಿನ ಈರೋಡಿನಲ್ಲಿ, ಹದಿನಾರು ವರ್ಷದ ಹುಡುಗಿಗೆ ನಕಲಿ ಆಧಾರ್ ಮಾಡಿಸಿ, ಹಲವು ಸಲ ಅಂಡಾಣು ಕೊಡಿಸಿದ ಪ್ರಕರಣ ಬಯಲಾಯಿತು. ಆದ್ದರಿಂದ ಯಾರಾದರೂ ವಯಸ್ಸು ತಿದ್ದೋಣ, "ಹೋದ ಸಲ ಕೊಟ್ಟದ್ದನ್ನು ಹೇಳಬೇಡಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಹೇಳುವವರು ಮುಂದೆ ನಿಮ್ಮ ಆರೋಗ್ಯ ಕೆಟ್ಟಾಗ ಫೋನ್ ಎತ್ತುವವರಲ್ಲ.

ಒಪ್ಪಿದ ಮೇಲೆ ತಪಾಸಣೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ರಕ್ತಪರೀಕ್ಷೆಗಳು ಕಡ್ಡಾಯ. ಮನೆತನದಲ್ಲಿರುವ ಕಾಯಿಲೆಗಳನ್ನು ಕೇಳುತ್ತಾರೆ. ಎಎಂಎಚ್ ಎಂಬ ಹಾರ್ಮೋನಿನ ಮಟ್ಟ ನೋಡಿ, ಸ್ಕ್ಯಾನ್‌ನಲ್ಲಿ ಅಂಡಾಶಯದಲ್ಲಿ ಅಂಡಾಣು ಬೆಳೆಯುವ ಸಣ್ಣ ಕೋಶಿಕೆಗಳನ್ನು ಎಣಿಸಿ, ಔಷಧಕ್ಕೆ ದೇಹ ಹೇಗೆ ಸ್ಪಂದಿಸೀತೆಂದು ಅಂದಾಜು ಮಾಡುತ್ತಾರೆ. ಇಲ್ಲಿ "ಆಗುವುದಿಲ್ಲ" ಎಂದರೆ ಕಾರಣ ಕೇಳಿ ವರದಿಯ ಪ್ರತಿ ಪಡೆಯಿರಿ. ಎಎಂಎಚ್ ತೀರಾ ಕಡಿಮೆಯಿದ್ದರೆ ಅದು ನಿಮ್ಮ ಮುಂದಿನ ಬದುಕಿಗೂ ಬೇಕಾದ ಸುದ್ದಿ.

ಇಂಜೆಕ್ಷನ್ ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಶುರುವಾಗುತ್ತದೆ. ಹೊಕ್ಕುಳಿನಿಂದ ಎರಡು ಬೆರಳು ಆಚೆ, ಚರ್ಮವನ್ನು ಚಿವುಟಿ ಹಿಡಿದು, ಸಣ್ಣ ಸೂಜಿಯಲ್ಲಿ ಚುಚ್ಚುವುದು. ದಿನವೂ ಒಂದೇ ಹೊತ್ತಿಗೆ, ಎಂಟರಿಂದ ಹನ್ನೆರಡು ದಿನ. ಐದಾರು ದಿನದ ನಂತರ ಮತ್ತೊಂದು ಇಂಜೆಕ್ಷನ್ ಸೇರುತ್ತದೆ. ಅಂಡಾಣು ತಾನಾಗಿ ಮೊದಲೇ ಹೊರಬೀಳದಂತೆ ತಡೆಯುವುದು ಅದರ ಕೆಲಸ. ಎರಡು ಮೂರು ದಿನಕ್ಕೊಮ್ಮೆ ಯೋನಿಯ ಮೂಲಕ ಸ್ಕ್ಯಾನ್. ಪರದೆಯ ಮೇಲೆ ಕಾಣುವ ಕಪ್ಪು ಗುಂಡುಗಳೇ ಕೋಶಿಕೆಗಳು; ಅವು 17–18 ಮಿಲಿಮೀಟರಿಗೆ ಬೆಳೆಯುವವರೆಗೆ ಕಾಯುತ್ತಾರೆ. ಎಷ್ಟು ಬೆಳೆಯುತ್ತಿವೆ ಎಂದು ಪ್ರತಿ ಸಲ ಕೇಳಿ ಬರೆದಿಟ್ಟುಕೊಳ್ಳಿ. ಏಳರ ಮಿತಿಯಿರುವಾಗ ಇಪ್ಪತ್ತು ಕಂಡರೆ, ಡೋಸ್ ಏಕಿಷ್ಟು ಎಂದು ಕೇಳುವುದು ನಿಮ್ಮ ಹಕ್ಕು. ಈ ದಿನಗಳಲ್ಲಿ ಹೊಟ್ಟೆ ಉಬ್ಬರ, ತಲೆನೋವು, ಮನಸ್ಸಿನ ಏರಿಳಿತ ಸಹಜ. ಸಂಭೋಗ, ಓಟ, ಭಾರ ಎತ್ತುವುದು ಬೇಡ. ಹಲವು ಅಂಡಾಣು ಒಟ್ಟಿಗೆ ಬಲಿಯುವಾಗ ಗರ್ಭ ನಿಂತರೆ ಅವಳಿ, ತ್ರಿವಳಿ ಆಗಬಹುದು; ಊದಿದ ಅಂಡಾಶಯ ತಿರುಚಿಕೊಂಡರೆ ತುರ್ತು ಶಸ್ತ್ರಚಿಕಿತ್ಸೆಯೇ ಬೇಕಾದೀತು.

ಕೊನೆಯದು ಅಂಡಾಣುಗಳನ್ನು ಪೂರ್ತಿ ಮಾಗಿಸುವ ಟ್ರಿಗರ್ ಇಂಜೆಕ್ಷನ್. ಅದಾಗಿ 34ರಿಂದ 36 ಗಂಟೆಯಲ್ಲಿ ಅಂಡಾಣು ತೆಗೆಯಬೇಕಾದ್ದರಿಂದ, ಹೇಳಿದ ಗಂಟೆಗೇ ಹಾಕಿಸಿಕೊಳ್ಳಬೇಕು, ಅದು ನಡುರಾತ್ರಿಯಾದರೂ ಸರಿ. ಅಂಡಾಣು ತೆಗೆಯುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡುತ್ತಾ, ಯೋನಿಯ ಗೋಡೆಯ ಮೂಲಕ ಸೂಜಿ ತೂರಿಸಿ ಕೋಶಿಕೆಗಳ ದ್ರವ ಹೀರುತ್ತಾರೆ. ಹೊಲಿಗೆಯಿಲ್ಲ. ಕೆಲವು ಗಂಟೆ ಮಲಗಿಸಿ ಮನೆಗೆ ಕಳಿಸುತ್ತಾರೆ. ಜೊತೆಗೊಬ್ಬರು ಇರಲೇಬೇಕು, ಒಬ್ಬರೇ ಬಸ್ಸು ಹತ್ತುವ ಸ್ಥಿತಿ ಅದಲ್ಲ.

"ಇದರಿಂದ ನನಗೆ ಮುಂದೆ ಮಕ್ಕಳಾಗದಿದ್ದರೆ?" ಬಹುಪಾಲು ದಾನಿಗಳ ಭಯ ಇದು. ಪ್ರತಿ ತಿಂಗಳೂ ಹಲವು ಕೋಶಿಕೆಗಳು ಬೆಳೆಯತೊಡಗಿ, ಒಂದು ಮಾತ್ರ ಬಲಿತು, ಉಳಿದವು ಕರಗಿಹೋಗುತ್ತವೆ. ಔಷಧ ಬೆಳೆಸುವುದು ಹೇಗೂ ಕರಗಬೇಕಿದ್ದ ಇವನ್ನೇ. ಮುಂದಿನ ತಿಂಗಳುಗಳ ದಾಸ್ತಾನಿಗೆ ಕೈ ಹಾಕಿದಂತಲ್ಲ. ಆದರೆ ಸೋಂಕು ಅಥವಾ ರಕ್ತಸ್ರಾವ ಅಂಡಾಶಯಕ್ಕೆ ಪೆಟ್ಟು ಕೊಡಬಹುದು, ಅದು ಅಪರೂಪ. ದಾನಿಗಳ ಆರೋಗ್ಯವನ್ನು ಹತ್ತಾರು ವರ್ಷ ಗಮನಿಸಿದ ಅಧ್ಯಯನಗಳು ಕಡಿಮೆ ಎಂಬುದನ್ನೂ ವೈದ್ಯರು ಮುಚ್ಚಿಡದೆ ಹೇಳಬೇಕು.

ನಿಜವಾಗಿ ಎಚ್ಚರ ಬೇಕಿರುವುದು ತೆಗೆದ ಮೇಲಿನ ವಾರ. ಓಎಚ್‌ಎಸ್‌ಎಸ್ ಎಂಬ ಸ್ಥಿತಿಯಲ್ಲಿ ಅಂಡಾಶಯ ವಿಪರೀತ ಊದಿ, ರಕ್ತನಾಳದ ನೀರು ಹೊಟ್ಟೆಯೊಳಗೆ ಸೋರುತ್ತದೆ. ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದ್ದವರಿಗೆ ಅಪಾಯ ಹೆಚ್ಚು. ದಾನಿಗಳಿಗೆ ಎಚ್‌ಸಿಜಿ ಬದಲು ಜಿಎನ್‌ಆರ್‌ಎಚ್ ಅಗೊನಿಸ್ಟ್ ಟ್ರಿಗರ್ ಕೊಟ್ಟರೆ ಈ ಅಪಾಯ ಬಹಳ ತಗ್ಗುತ್ತದೆ. ಯಾವುದು ಕೊಡುತ್ತೀರಿ ಎಂದು ಹೆಸರು ಹಿಡಿದೇ ಕೇಳಿ. ಸಣ್ಣ ಹೊಟ್ಟೆನೋವು, ಒಂದೆರಡು ದಿನದ ರಕ್ತದ ಕಲೆ ಮಾಮೂಲು. ಆದರೆ ದಿನಕ್ಕೆ ಒಂದು ಕಿಲೋ ತೂಕ ಏರಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಉಸಿರಾಡಲು ಕಷ್ಟವಾದರೆ, ಜ್ವರ ಬಂದರೆ ಬೆಳಗಿನವರೆಗೆ ಕಾಯಬೇಡಿ.

ಹುಟ್ಟುವ ಮಗು ಕಾನೂನಿನಲ್ಲಿ ಆ ದಂಪತಿಯದ್ದೇ. ದಾನಿಗೆ ಅದರ ಮೇಲೆ ಹಕ್ಕಿಲ್ಲ. ದಾನಿಯ ಹೆಸರು, ವಿವರ ಗೋಪ್ಯವಾಗಿರುತ್ತದೆ.

ಸಹಿ ಹಾಕುವ ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಲಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ದಾನಿಯ ಹೆಸರಿನಲ್ಲಿ ಹನ್ನೆರಡು ತಿಂಗಳ ಆರೋಗ್ಯ ವಿಮೆಯನ್ನು ಅಂಡಾಣು ಪಡೆಯುವ ದಂಪತಿ ಮಾಡಿಸಲೇಬೇಕು. ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಪಾಲಿಸಿಯ ಪ್ರತಿ ಕೈಗೆ ಬರಲಿ. ಅದನ್ನೂ ಡಿಸ್ಚಾರ್ಜ್ ಸಾರಾಂಶವನ್ನೂ ರಾತ್ರಿ ಕರೆ ಮಾಡಬಹುದಾದ ವೈದ್ಯರ ನಂಬರನ್ನೂ ಒಂದೇ ಕಡೆ ಇಟ್ಟು, ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಅಂಡಾಣು ತೆಗೆದ ಮೇಲೆ ಮುಟ್ಟು ಸಾಮಾನ್ಯವಾಗಿ ಎರಡು ವಾರದೊಳಗೆ ಬರುತ್ತದೆ. ಬರದಿದ್ದರೆ ಮತ್ತೆ ಹೋಗಿ ತೋರಿಸಿ.