ಬ್ರೋಕರ್ ಕಮಿಷನ್: ಬಾಯಿಮಾತು ಸಾಕೇ?

ಬೆಂಗಳೂರಿನಲ್ಲೊಂದು 80 ಲಕ್ಷದ ಫ್ಲ್ಯಾಟ್ ಎಂದುಕೊಳ್ಳಿ. ಬ್ರೋಕರ್ ಕಮಿಷನ್ ಶೇ. 2 ಆದರೆ 1,60,000 ರೂಪಾಯಿ. ಶೇ. 18 ಜಿಎಸ್‌ಟಿ ಸೇರಿದರೆ 1,88,800. ಇಷ್ಟು ಹಣ ಎಷ್ಟೋ ಸಲ ಬರೀ ಬಾಯಿಮಾತಿನ ಮೇಲೆ ಕೈ ಬದಲಾಗುತ್ತದೆ!

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಕಮಿಷನ್ ದರವನ್ನು ನಿಗದಿ ಮಾಡಿಲ್ಲ. ಅದು ಚೌಕಾಸಿಗೆ ಬಿಟ್ಟದ್ದು. ಹಾಗಾಗಿ ದರವನ್ನು ಲಿಖಿತ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಅದರಲ್ಲಿ ಮೊದಲು ನೋಡಬೇಕಾದ್ದು, ಹಣ ಕೊಡುವುದು ಯಾವಾಗ ಎಂಬುದನ್ನು. ಅಡ್ವಾನ್ಸ್ ಕೊಟ್ಟ ದಿನವೋ, ಕ್ರಯಪತ್ರ ನೋಂದಣಿಯಾದ ಮೇಲೋ? ವ್ಯವಹಾರ ಮುರಿದುಬಿದ್ದರೆ ವಾಪಸ್ ಬರುತ್ತದೆಯೇ? ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ಪಡೆಯುತ್ತಿದ್ದಾರೆಯೇ?

ಮಾರುವವರು ಆಸ್ತಿಯನ್ನು ಒಬ್ಬ ಬ್ರೋಕರಿಗೆ ಮಾತ್ರ ಒಪ್ಪಿಸಿದರೆ ಆ ಒಪ್ಪಂದದ ಅವಧಿಯನ್ನೂ ಬರೆಸಿಕೊಳ್ಳಬೇಕು.

ರೇರಾ ನೋಂದಾಯಿತ ಪ್ರಾಜೆಕ್ಟ್‌ನ ಫ್ಲ್ಯಾಟ್, ಸೈಟು ಮಾರಿಸುವ ಏಜೆಂಟರಿಗೂ ನೋಂದಣಿ ಕಡ್ಡಾಯ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿ ಬೆಲೆಯ ಶೇ. 5ರವರೆಗೆ. ಅವರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು.