ನೀರಿನಲ್ಲಿ ನಿಂತ ಸುಂಕದ ಕೋಟೆ: ಶಿಯೋನ್

ಸ್ವಿಟ್ಜರ್‌ಲ್ಯಾಂಡಿಗೆ ಹೋಗಿಬಂದವರು ಸಾಮಾನ್ಯವಾಗಿ ಹಿಮದ ಬೆಟ್ಟ, ಗಡಿಯಾರ, ಚಾಕೊಲೇಟು ಇವುಗಳ ಮಾತನ್ನೇ ಆಡುತ್ತಾರೆ. ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಪ್ರವಾಸಿ ಕಂಪನಿಗಳ ಜೊತೆ ಯೂರೋಪು ನೋಡಿ ಬಂದಿವೆ. ಆದರೆ ಹತ್ತು ದಿನಗಳಲ್ಲಿ ಐದು ದೇಶ ತೋರಿಸುವ ಆ ಓಟದಲ್ಲಿ ಜಿನೀವಾ ಸರೋವರದ ಪೂರ್ವ ತುದಿಯ ಶಿಯೋನ್ ಕೋಟೆ ಹಲವು ಸಲ ಬಿಟ್ಟುಹೋಗುತ್ತದೆ, ಇಲ್ಲವೇ ಬಸ್ಸಿನ ಕಿಟಕಿಯಿಂದ ಒಂದು ಫೋಟೋ ಆಗಿ ಉಳಿಯುತ್ತದೆ. ವ್ಯಾಪಾರಿ ಮನೆತನಗಳವರು ಇದನ್ನು ಇಳಿದು, ಒಳಹೊಕ್ಕು, ಅರ್ಧ ದಿನ ಕೊಟ್ಟು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅದರ ಕಾರಣ ಮುಂದೆ ತಿಳಿಯುತ್ತದೆ.

ಮಾಂತ್ರೋ ಎಂಬುದು ಸರೋವರದ ದಂಡೆಯ ಪಟ್ಟಣ. ಅಲ್ಲಿಂದ ಶಿಯೋನ್‌ಗೆ ನೀರಿನ ಅಂಚಿನಲ್ಲೇ ಕಾಲುದಾರಿ ಇದೆ, ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಎರಡು ಮನೆಯವರು ಸೇರಿ ಏಳು ಮಂದಿ ಇದ್ದೆವು; ಮುಕ್ಕಾಲು ಗಂಟೆಯಲ್ಲಿ ಮುಟ್ಟಿದೆವು. ದಾರಿಯುದ್ದಕ್ಕೂ ಹೂವಿನ ಮಡಿಗಳು, ಎದುರಿಗೆ ಆಲ್ಪ್ಸ್ ಪರ್ವತ. ಒಂದು ತಿರುವು ದಾಟಿದ ಕೂಡಲೇ ಕೋಟೆ ಕಾಣುತ್ತದೆ. ದಂಡೆಯ ಮೇಲಲ್ಲ, ನೀರಿನಲ್ಲೇ. ಸುಮಾರು 100 ಮೀಟರ್ ಉದ್ದ, 50 ಮೀಟರ್ ಅಗಲದ ಒಂದು ಬಂಡೆಯ ಮೇಲೆ ಗೋಡೆಗಳನ್ನು ಎಬ್ಬಿಸಿದ್ದಾರೆ. ಬಂಡೆಯ ಆಕಾರ ಹೇಗಿದೆಯೋ ಕೋಟೆಯ ಆಕಾರವೂ ಹಾಗೆಯೇ. ದಂಡೆಗೂ ಬಂಡೆಗೂ ನಡುವೆ ನೀರು ನಿಂತ ಬಿರುಕಿದೆ, ಅದೇ ಕಂದಕ. ನಮ್ಮ ಸೋಲಾಪುರದ ಭುಯಿಕೋಟ ಕಿಲ್ಲೆಯೂ ಸಿದ್ಧೇಶ್ವರ ಕೆರೆಯ ಮಗ್ಗುಲಲ್ಲೇ ಇದೆಯಾದ್ದರಿಂದ ಕೆರೆ-ಕೋಟೆಯ ಜೋಡಿ ನಮಗೆ ಹೊಸದಲ್ಲ. ಆದರೆ ಇದು ಕೆರೆಯಲ್ಲ, ಸುಮಾರು 73 ಕಿಲೋಮೀಟರ್ ಉದ್ದ, 310 ಮೀಟರ್‌ವರೆಗೆ ಆಳವಿರುವ ಸರೋವರ. ಸ್ಥಳೀಯರು ಇದನ್ನು ಲೇಮಾನ್ ಎನ್ನುತ್ತಾರೆ.

ಮರದ ಸೇತುವೆ ದಾಟಿ ಮೊದಲ ಅಂಗಳಕ್ಕೆ ಬಂದೆವು. ನಮ್ಮ ಜೊತೆಗಿದ್ದ ಕಾಕಾ ನಲವತ್ತು ವರ್ಷ ಕಾಳುಕಡಿಯ ಅಡತಿ ಅಂಗಡಿ ನಡೆಸಿದವರು. ಬುರುಜುಗಳನ್ನು ಮೇಲಿನಿಂದ ಕೆಳಗೆ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಇದಕ್ಕೆಲ್ಲಾ ರೊಕ್ಕ ಎಲ್ಲಿಂದ ಬಂತೋ?"

ಮಕ್ಕಳು ನಕ್ಕರು. ಆದರೆ ಕೋಟೆಯ ಇಡೀ ಚರಿತ್ರೆ ಆ ಒಂದು ಪ್ರಶ್ನೆಯಲ್ಲೇ ಇದೆ.

ಇಟಲಿಯಿಂದ ಫ್ರಾನ್ಸಿಗೆ, ಉತ್ತರ ಯೂರೋಪಿಗೆ ಹೋಗುವ ಹಳೆಯ ದಾರಿ ಆಲ್ಪ್ಸಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯನ್ನು ದಾಟುತ್ತಿತ್ತು. ಅದರ ಎತ್ತರ 2,469 ಮೀಟರ್. ಕಣಿವೆ ಇಳಿದ ಹೇರುಕುದುರೆ, ಹೇಸರಗತ್ತೆಗಳು ರೋನ್ ನದಿಯ ಬಯಲು ಹಿಡಿದು ಸರೋವರದ ತುದಿಗೆ ಬರುತ್ತಿದ್ದವು. ಅಲ್ಲಿ, ಶಿಯೋನ್ ಬಳಿ, ಬೆಟ್ಟ ನೇರವಾಗಿ ನೀರಿಗೆ ಇಳಿಯುತ್ತದೆ. ನಡುವೆ ಉಳಿಯುವುದು ಒಂದು ಪಟ್ಟಿ ನೆಲ ಮಾತ್ರ. ಅದನ್ನು ತಪ್ಪಿಸಿ ಹೋಗಲು ಬೇರೆ ದಾರಿಯಿಲ್ಲ. ಇಂದಿಗೂ ಹಾಗೆಯೇ: ಹಳೆಯ ರಸ್ತೆ, ರೈಲುಹಳಿ ಎರಡೂ ಕೋಟೆಯ ಪಕ್ಕದಲ್ಲೇ ಇಕ್ಕಟ್ಟಾಗಿ ಹೋಗುತ್ತವೆ, ಹೆದ್ದಾರಿಗೆ ಜಾಗವೇ ಸಾಲದೆ ಬೆಟ್ಟದ ಮೈಗೆ ಕಂಬಗಳನ್ನು ನಿಲ್ಲಿಸಿ 1969ರಲ್ಲಿ ಮೇಲ್ಸೇತುವೆ ಮಾಡಿದ್ದಾರೆ. ಇಂಥ ಕತ್ತಿನ ಮೇಲೆ ಕೈ ಇಟ್ಟವನಿಗೆ ಸೈನ್ಯಕ್ಕಿಂತ ಮೊದಲು ಬೇಕಾದವನು ಗುಮಾಸ್ತ.

1150ರ ಒಂದು ದಾಖಲೆಯ ಹೊತ್ತಿಗೆ ಕೋಟೆ ಸವಾಯ್ ಮನೆತನದ ಕೌಂಟ್‌ಗಳ ಕೈಯಲ್ಲಿತ್ತು. 1214ರಲ್ಲಿ ಮೊದಲನೆಯ ಥಾಮಸ್ ಎಂಬ ಕೌಂಟ್ ಹತ್ತಿರದಲ್ಲೇ ವಿಲ್‌ನವ್ ಎಂಬ ಪೇಟೆಯನ್ನು ಸ್ಥಾಪಿಸಿದ. ಹೆಸರಿನ ಅರ್ಥ ಹೊಸಪೇಟೆ ಎಂದೇ. ಸರಕು ಇಳಿಸಲು, ದೋಣಿಗೆ ಏರಿಸಲು, ಛತ್ರದಲ್ಲಿ ತಂಗಲು ಅನುಕೂಲ ಮಾಡಿಕೊಟ್ಟು, ಅಲ್ಲೇ ಜಕಾತಿ ನಾಕಾ ಕೂಡಿಸಿದ. ಇಟಲಿಯ ವರ್ತಕರು ಫ್ರಾನ್ಸಿನ ಶಾಂಪೇನ್ ಪ್ರಾಂತದ ದೊಡ್ಡ ಜಾತ್ರೆಗಳಿಗೆ ಹೋಗುತ್ತಿದ್ದ ಕಾಲ ಅದು. ಬಟ್ಟೆ, ಉಣ್ಣೆ, ಸಾಂಬಾರ ಪದಾರ್ಥ, ಉಪ್ಪು, ಕುದುರೆ ಎಲ್ಲವೂ ಈ ದಾರಿಯಲ್ಲೇ ಸಾಗುತ್ತಿದ್ದವು. ಸುಂಕ ಗಂಟಿನ ಲೆಕ್ಕದಲ್ಲಿ. ನಮ್ಮ ನಾಡಿನ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಅಡಕೆ, ಮೆಣಸಿನ ಹೇರಿಗೆ ಇಷ್ಟೆಂದು ಸುಂಕ ಬರೆದಿರುವುದನ್ನೂ, ಅಯ್ಯಾವೊಳೆಯ ಐನೂರ್ವರು ಅದರಲ್ಲಿ ಬಸದಿಗಳಿಗೆ ಪಾಲು ಬಿಟ್ಟುಕೊಟ್ಟಿರುವುದನ್ನೂ ಓದಿದವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸುವುದಿಲ್ಲ.

ಸವಾಯ್ ಅರಸರು ಲೆಕ್ಕದಲ್ಲಿ ಬಲು ಬಿಗಿ. ಪ್ರತಿ ಕೋಟೆಯ ಅಧಿಕಾರಿಯೂ ಜಮಾ-ಖರ್ಚನ್ನು ಚರ್ಮದ ಸುರುಳಿಯ ಮೇಲೆ ಬರೆಸಿ, ಅರಸನ ಲೆಕ್ಕಿಗರ ಮುಂದೆ ತಂದು ಒಪ್ಪಿಸಬೇಕಾಗಿತ್ತು. ಹದಿಮೂರನೆಯ ಶತಮಾನದಿಂದ ಮುಂದಿನ ಸುರುಳಿಗಳು ಇಂದಿಗೂ ಉಳಿದಿವೆ. ಸುಣ್ಣಕ್ಕೆ ಎಷ್ಟು, ಬಡಗಿಗೆ ಎಷ್ಟು, ಹೆಂಚಿಗೆ ಎಷ್ಟು ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ಈ ಕೋಟೆಯ ಬಗ್ಗೆ ಇಷ್ಟು ಖಚಿತವಾಗಿ ತಿಳಿದಿರುವುದಕ್ಕೆ ಒಂದು ದೊಡ್ಡ ಕಾರಣ ಆ ಕೀರ್ದಿಗಳೇ. ಯುದ್ಧದ ಕಥೆ ಹೇಳುವವರು ಸುಳ್ಳು ಬೆರೆಸಬಹುದು, ಸುಣ್ಣದ ಖರ್ಚು ಬರೆದಿಟ್ಟವನಿಗೆ ಅದರ ಅಗತ್ಯವಿಲ್ಲ. ಕಾಕಾ ಅವರಿಗೆ ಇದು ಬಹಳ ಹಿಡಿಸಿತು.

ಈಗ ಕಾಣುವ ರೂಪ ಹೆಚ್ಚಾಗಿ ಹದಿಮೂರನೆಯ ಶತಮಾನದ್ದು, ಎರಡನೆಯ ಪೀಟರನ ಕಾಲದ್ದು. ಇವನು ಇಂಗ್ಲೆಂಡಿನ ಮೂರನೆಯ ಹೆನ್ರಿಯ ರಾಣಿಗೆ ಸೋದರಮಾವ. ಹೆನ್ರಿ 1246ರಲ್ಲಿ ಇವನಿಗೆ ಲಂಡನ್ನಿನಲ್ಲಿ ನೆಲ ಕೊಟ್ಟ. ಅಲ್ಲಿ ಎದ್ದ ಅರಮನೆಗೆ ಸವಾಯ್ ಎಂದು ಹೆಸರಾಯಿತು. ಲಂಡನ್ನಿನ ಪ್ರಸಿದ್ಧ ಸವಾಯ್ ಹೋಟೆಲಿನ ಹೆಸರು ಬಂದದ್ದು ಅಲ್ಲಿಂದಲೇ. ಕೋಟೆಗೆ ಎರಡು ಮುಖ. ದಾರಿಯ ಕಡೆಗೆ ದಪ್ಪ ಗೋಡೆ, ಅರ್ಧಚಂದ್ರಾಕಾರದ ಮೂರು ಬುರುಜು, ಬಾಣ ಬಿಡುವ ಸಂದುಗಳು. ನೀರಿನ ಕಡೆಗೆ ಅಗಲವಾದ ಕಮಾನು ಕಿಟಕಿಗಳು, ದೊಡ್ಡ ಹಜಾರ, ಅರಸನ ಶಯನಗೃಹ. ಹಾದುಹೋಗುವ ವ್ಯಾಪಾರಿಗೆ ಬುರುಜು ಕಾಣಲಿ, ಒಳಗಿರುವವನಿಗೆ ಸರೋವರ ಕಾಣಲಿ ಎಂಬ ಏರ್ಪಾಡು! ಶಯನಗೃಹದ ಗೋಡೆಯಲ್ಲಿ ಹದಿನಾಲ್ಕನೆಯ ಶತಮಾನದ ಚಿತ್ರಗಳು ಮಾಸಿದ್ದರೂ ಉಳಿದಿವೆ. ಗಿಡಮರಗಳ ನಡುವೆ ಕಂಡ ಪ್ರಾಣಿಗಳೂ ಇವೆ, ಕಾಣದ ಪ್ರಾಣಿಗಳೂ ಇವೆ. ಮಕ್ಕಳು ಅಲ್ಲಿಂದ ಕದಲಲಿಲ್ಲ.

ಪ್ರವಾಸಿಗರ ಗುಂಪು ಹೆಚ್ಚಾಗಿ ಸೇರುವುದು ನೆಲಮಾಳಿಗೆಯಲ್ಲಿ. ಬಂಡೆಯ ಮೇಲೇ ನಿಲ್ಲಿಸಿದ ಕಂಬಗಳು, ಅವುಗಳಿಂದ ಚಿಗುರಿದಂತೆ ಹೋಗುವ ಕಮಾನುಗಳು. ಉಗ್ರಾಣವೆಂದರೆ ನಂಬಲು ಆಗದಷ್ಟು ಚೆಲುವು. ಇದೇ ಮುಂದೆ ಸೆರೆಮನೆಯೂ ಆಯಿತು. ಜಿನೀವಾ ನಗರದ ಸ್ವಾತಂತ್ರ್ಯದ ಪರ ನಿಂತ ಫ್ರಾನ್ಸ್ವಾ ಬೊನಿವಾರ್ ಎಂಬ ಮಠಾಧಿಪತಿಯನ್ನು ಸವಾಯ್ ಅರಸ 1530ರಲ್ಲಿ ಇಲ್ಲಿ ಕೂಡಿಹಾಕಿದ. ಕೊನೆಯ ನಾಲ್ಕು ವರ್ಷ ನೆಲಮಾಳಿಗೆಯ ಕಂಬಕ್ಕೆ ಸರಪಳಿ. 1536ರಲ್ಲಿ ಬರ್ನ್ ನಗರದ ಸೈನ್ಯ ಕೋಟೆಯನ್ನು ಗೆದ್ದಾಗ ಬಿಡುಗಡೆ. 1816ರ ಜೂನಿನಲ್ಲಿ ಇಂಗ್ಲಿಷ್ ಕವಿ ಬೈರನ್ ಇಲ್ಲಿಗೆ ಬಂದು ಈ ಕಥೆ ಕೇಳಿ ಕಾವ್ಯ ಬರೆದ. ಕೋಟೆ ಜಗತ್ತಿಗೆಲ್ಲ ಹೆಸರಾಯಿತು. ಒಂದು ಕಂಬದಲ್ಲಿ ಅವನೇ ಕೊರೆದನೆನ್ನುವ ಅವನ ಹೆಸರಿದೆ, ಮೇಲೆ ಗಾಜು ಹಾಕಿದ್ದಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಾವ್ಯದ ಕೈದಿಗೂ ನಿಜದ ಬೊನಿವಾರನಿಗೂ ಹೋಲಿಕೆ ಕಡಿಮೆ. ನಿಜದವನು ಬಿಡುಗಡೆಯ ನಂತರ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ, ನಾಲ್ಕು ಮದುವೆ ಮಾಡಿಕೊಂಡ, ಜಿನೀವಾದ ಚರಿತ್ರೆ ಬರೆದ.

ಈ ಕೋಟೆಯಲ್ಲಿ ಬೊನಿವಾರನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ನಡೆದದ್ದಕ್ಕೆ ಅಂಥ ಕವಿ ಸಿಗಲಿಲ್ಲ. ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಅದೇ.

1347ರ ಕೊನೆಗೆ ಪ್ಲೇಗು ಇಟಲಿಯ ಬಂದರುಗಳಿಗೆ ಬಂತು. ಅದು ಹರಡಿದ್ದು ಸರಕು ಹೋಗುವ ದಾರಿಗಳಲ್ಲೇ. 1348ರಲ್ಲಿ ಸವಾಯ್ ನಾಡಿಗೂ ತಟ್ಟಿತು. ರೋಗಕ್ಕೆ ಕಾರಣ ಯಾರಿಗೂ ಗೊತ್ತಿರಲಿಲ್ಲ. ಬಾವಿಗಳಿಗೆ ಯಹೂದಿಗಳು ವಿಷ ಹಾಕುತ್ತಿದ್ದಾರೆ ಎಂಬ ಗಾಳಿಮಾತು ಎದ್ದಿತು. ಯಹೂದಿಗಳು ಅಲ್ಲಿ ಸಣ್ಣ ಸಮಾಜ. ವ್ಯಾಪಾರ, ಸಾಲ ಕೊಡುವುದು, ವೈದ್ಯ ಇವು ಅವರ ಕಸುಬು. ಜಮೀನು ಹಿಡಿಯಲು ಅವರಿಗೆ ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಊರಿಗೆ ಅವರು ಬೇಕು, ಊರು ಅವರದಲ್ಲ. ಆಗ ಸವಾಯ್ ಗದ್ದುಗೆಯ ಮೇಲಿದ್ದವನು ಹದಿನಾಲ್ಕು ವರ್ಷದ ಹುಡುಗ, ಆರನೆಯ ಅಮೇಡಿಯಸ್. ವಿಲ್‌ನವ್ ಪೇಟೆಯ ಯಹೂದಿಗಳನ್ನೂ ಸುತ್ತಲಿನವರನ್ನೂ ಹಿಡಿದು ತಂದರು. ಸರೋವರದ ಆಚೆ ದಡದ ತೊನೋಂ ಊರಿನ ಬಲವಿನ್ಯಿ ಎಂಬ ಶಸ್ತ್ರವೈದ್ಯನನ್ನು ಶಿಯೋನ್‌ನಲ್ಲಿ ಚಿತ್ರಹಿಂಸೆಗೆ ಗುರಿಮಾಡಿ, ಸೆಪ್ಟೆಂಬರಿನಲ್ಲಿ "ತಪ್ಪೊಪ್ಪಿಗೆ" ಬರೆಸಿಕೊಂಡರು. ತನ್ನೂರಿನ ಬುಗ್ಗೆಗೆ ವಿಷ ಹಾಕಿದೆನೆಂದು ಅವನು ಹೇಳಿದನಂತೆ. ಅಂಥ ಹಿಂಸೆಯಲ್ಲಿ ಯಾರು ಏನನ್ನು ತಾನೇ ಹೇಳುವುದಿಲ್ಲ? ವಿಲ್‌ನವ್‌ನ ಯಹೂದಿಗಳನ್ನು ಸುಟ್ಟರು.

ಅಲ್ಲಿಗೂ ಮುಗಿಯಲಿಲ್ಲ. ಲೆಕ್ಕ ಇಡುವುದರಲ್ಲಿ ಅಷ್ಟು ಬಿಗಿಯಾಗಿದ್ದ ಅದೇ ಕಚೇರಿ ಈ ತಪ್ಪೊಪ್ಪಿಗೆಗಳನ್ನೂ ನೀಟಾಗಿ ಬರೆಸಿತು. ಪ್ರತಿಯನ್ನು ಸ್ಟ್ರಾಸ್‌ಬರ್ಗ್ ನಗರದವರು ಕೇಳಿದರು, ಶಿಯೋನ್‌ನ ಅಧಿಕಾರಿ ಕಳಿಸಿಕೊಟ್ಟ. ಯಹೂದಿಗಳು ಸಾಯುತ್ತಿರುವುದೂ ಅದೇ ರೋಗದಿಂದಲ್ಲವೇ, ಅವರು ಇಲ್ಲದ ಊರುಗಳಲ್ಲೂ ಜನ ಸಾಯುತ್ತಿಲ್ಲವೇ ಎಂದು ಪೋಪ್ ಆರನೆಯ ಕ್ಲೆಮೆಂಟ್ ಆ ವರ್ಷವೇ ಆಜ್ಞಾಪತ್ರ ಹೊರಡಿಸಿದ್ದ. ಅವನು ಇದ್ದ ಅವಿನ್ಯೋನ್ ನಗರ ಇದೇ ಸರೋವರದಿಂದ ಹೊರಬೀಳುವ ರೋನ್ ನದಿಯ ಕೆಳದಂಡೆಯಲ್ಲಿದೆ. ಅವನ ಮಾತು ನದಿಯ ಮೇಲಕ್ಕೆ ಹರಿಯಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಯಹೂದಿಗಳನ್ನು ಸುಟ್ಟುಹಾಕಿದರು. ಅವರಿಗೆ ಬರಬೇಕಾಗಿದ್ದ ಸಾಲಗಳೆಲ್ಲ ರದ್ದಾದವು, ಒತ್ತೆಯಿಟ್ಟ ವಸ್ತುಗಳು ಸಾಲಗಾರರಿಗೆ ಹಿಂದಿರುಗಿದವು. ಇದನ್ನು ಕೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಪರಭಾಷೆಯ ಪೇಟೆಗಳಲ್ಲಿ ನಾಲ್ಕೈದು ತಲೆಮಾರಿನಿಂದ ಅಂಗಡಿ ಇಟ್ಟುಕೊಂಡು ಬಾಳಿದವರು ನಾವು. ನೆರೆಯವರ ವಿಶ್ವಾಸ ಎಂಥ ಆಸ್ತಿ ಎಂಬುದನ್ನು ಯಾರೂ ನಮಗೆ ವಿವರಿಸಬೇಕಾಗಿಲ್ಲ.

ಪ್ಲೇಗಿನ ನಿಜವಾದ ಕಾರಣವನ್ನು ಕಂಡುಹಿಡಿದವನು ಇದೇ ಪ್ರಾಂತದಲ್ಲಿ ಹುಟ್ಟಿದವನು ಎಂಬುದು ವಿಚಿತ್ರ. ಈ ಕೋಟೆ ಇರುವ ವೋ ಪ್ರಾಂತದಲ್ಲಿ 1863ರಲ್ಲಿ ಹುಟ್ಟಿದ ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ಸೂಕ್ಷ್ಮಾಣುವನ್ನು ಗುರುತಿಸಿದ. ಎರಡೇ ವರ್ಷಕ್ಕೆ, 1896ರಲ್ಲಿ, ಆ ರೋಗ ಮುಂಬಯಿಯ ಮಾಂಡವಿಯ ಗೋದಾಮುಗಳ ಪೇಟೆಯಲ್ಲಿ ಕಾಣಿಸಿಕೊಂಡಿತು. ಆಗ ಮುಂಬಯಿಯಲ್ಲಿ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡವನು ವಾಲ್ಡೆಮಾರ್ ಹಾಫ್ಕಿನ್. ಅವನು ಯಹೂದಿ. 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಅಜ್ಜ-ಅಜ್ಜಿಯರಿಂದ ಕೇಳದ ಮನೆ ನಮ್ಮಲ್ಲಿ ಅಪರೂಪ. 1902ರಲ್ಲಿ ಪಂಜಾಬಿನ ಒಂದು ಹಳ್ಳಿಯಲ್ಲಿ ಲಸಿಕೆಯ ಒಂದು ಸೀಸೆ ಕೆಟ್ಟು 19 ಜನ ಧನುರ್ವಾಯುವಿನಿಂದ ಸತ್ತಾಗ ತಪ್ಪನ್ನು ಹಾಫ್ಕಿನ್ ತಲೆಗೆ ಕಟ್ಟಿ ಕೆಲಸದಿಂದ ತೆಗೆದರು. ಅವನ ತಪ್ಪಿಲ್ಲವೆಂದು ಒಪ್ಪಿಕೊಳ್ಳಲು 1907ರವರೆಗೆ ಬೇಕಾಯಿತು. ಮುಂಬಯಿಯ ಪರೇಲಿನ ಸಂಸ್ಥೆಗೆ 1925ರಲ್ಲಿ ಅವನ ಹೆಸರಿಟ್ಟರು. ಅವನು ತೀರಿಕೊಂಡದ್ದು 1930ರಲ್ಲಿ, ಇದೇ ಸರೋವರದ ದಂಡೆಯ ಲೊಸಾನ್ ನಗರದಲ್ಲಿ. ಶಿಯೋನ್‌ನಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆಯ ಆಜೂಬಾಜು.

ಕೋಟೆಯ ಉಳಿದ ಕಥೆ ಚಿಕ್ಕದು. ಸಮುದ್ರಮಾರ್ಗ ಬಂದು, ಬೇರೆ ಕಣಿವೆಗಳು ತೆರೆದು, ಹದಿನಾಲ್ಕನೆಯ ಶತಮಾನದಲ್ಲೇ ಸುಂಕದ ಹುಟ್ಟುವಳಿ ಇಳಿಯತೊಡಗಿತ್ತು. ಬರ್ನ್‌ನವರು 260 ವರ್ಷ ಇದನ್ನು ಉಗ್ರಾಣವಾಗಿ, ಶಸ್ತ್ರಾಗಾರವಾಗಿ, ಸೆರೆಮನೆಯಾಗಿ ಬಳಸಿದರು. ಮಾಟಗಾತಿಯರೆಂದು ಹಿಡಿದ ಹೆಂಗಸರೂ ಇಲ್ಲಿ ಸೆರೆಯಾದರು. 1798ರಲ್ಲಿ ವೋ ಪ್ರಾಂತದ ಜನ ದಂಗೆಯೆದ್ದು ಕಾದಾಟವಿಲ್ಲದೆ ಕೋಟೆ ಹಿಡಿದರು, 1803ರಿಂದ ಅದು ಪ್ರಾಂತದ ಸೊತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಬರ್ಟ್ ನಾಯೆಫ್ ಎಂಬ ಪುರಾತತ್ವಜ್ಞ ಹಳೆಯದನ್ನು ಹಳೆಯದಾಗಿಯೇ ಉಳಿಸುವ ಎಚ್ಚರದಿಂದ ಜೀರ್ಣೋದ್ಧಾರ ಆರಂಭಿಸಿದ.

ಹೋಗಬೇಕೆನ್ನುವವರಿಗೆ ಎರಡು ಮಾತು. ಡಿಸೆಂಬರ್ 25 ಮತ್ತು ಜನವರಿ 1 ಬಿಟ್ಟು ಉಳಿದ ದಿನಗಳಲ್ಲಿ ಕೋಟೆ ತೆರೆದಿರುತ್ತದೆ. ಮಾಂತ್ರೋದಿಂದ ನಡೆಯಲಾಗದವರಿಗೆ ಬಸ್ಸು, ರೈಲು, ಬೇಸಿಗೆಯಲ್ಲಿ ದೋಣಿ ಇವೆ. ಹೋಗುವಾಗ ನಡೆದು, ಬರುವಾಗ ದೋಣಿ ಹತ್ತಿದರೆ ಕೋಟೆಯ ಎರಡೂ ಮುಖ ಕಾಣುತ್ತವೆ. ಒಳಗೆ ಮೆಟ್ಟಿಲುಗಳು ಬಹಳ, ಕಿರಿದು, ಸವೆದಿವೆ. ಮೊಣಕಾಲು ನೋವಿನವರು ಅಂಗಳಗಳಲ್ಲೇ ಕುಳಿತುಕೊಳ್ಳುವುದು ಲೇಸು. ಊಟಕ್ಕೆ ನಾವು ಊರಿನಿಂದ ಒಯ್ದ ಖಡಕ್ ಭಾಕರಿ, ಶೇಂಗಾ ಚಟ್ನಿಯನ್ನು ದಂಡೆಯ ಬೆಂಚಿನ ಮೇಲೆ ಬಿಚ್ಚಿದೆವು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ. ಸಂಜೆಯ ಊಟಕ್ಕೆ ನಮ್ಮವರು ಗಡಿಬಿಡಿ ಮಾಡಬೇಕಾಗಿಲ್ಲ.