ರೋಗಿಯ ಚುಚ್ಚುಮಾತು: ಯುವ ವೈದ್ಯರಿಗೆ ಉತ್ತರ ಕಲಿಸುವ ತರಬೇತಿ

ಅಮೆರಿಕದ ಆಸ್ಪತ್ರೆಗಳಲ್ಲಿ ಇಂತಹ ಮಾತುಗಳು ಅಪರೂಪವಲ್ಲ. ತಪಾಸಣೆ ಮುಗಿಸಿದ ವೈದ್ಯೆಯನ್ನು ರೋಗಿ ಕೇಳುತ್ತಾನೆ, 'ನರ್ಸ್, ಡಾಕ್ಟರು ಯಾವಾಗ ಬರುತ್ತಾರೆ?' ಭಾರತೀಯ ಮೂಲದ ವೈದ್ಯನಿಗೆ ಇನ್ನೊಬ್ಬ ರೋಗಿಯ ಪ್ರಶ್ನೆ, 'ಅದು ಸರಿ, ನಿಜವಾಗಿ ನೀವು ಯಾವ ದೇಶದವರು?' ಬೈಗುಳವಲ್ಲ, ಆದರೂ ಚುಚ್ಚುತ್ತದೆ.

ಇದನ್ನು 'ಮೈಕ್ರೋಅಗ್ರೆಶನ್' ಎನ್ನುತ್ತಾರೆ. ಸೂಕ್ಷ್ಮ ಅವಹೇಳನ ಎನ್ನಬಹುದು. 1970ರಲ್ಲಿ ಈ ಪದವನ್ನು ಬಳಕೆಗೆ ತಂದವರು ಹಾರ್ವರ್ಡ್‌ನ ಮನೋವೈದ್ಯ ಚೆಸ್ಟರ್ ಪಿಯರ್ಸ್. ಕಪ್ಪುಜನರು ನಿತ್ಯ ಎದುರಿಸುವ ಸಣ್ಣ ಸಣ್ಣ ತಿರಸ್ಕಾರಗಳನ್ನು ಅವರು ಹೀಗೆ ಕರೆದರು. 2007ರಲ್ಲಿ ಮನೋವಿಜ್ಞಾನಿ ಡೆರಾಲ್ಡ್ ವಿಂಗ್ ಸ್ಯೂ ಮತ್ತು ಸಂಗಡಿಗರು ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು: ಉದ್ದೇಶಪೂರ್ವಕ ಹೀಯಾಳಿಕೆ, ಅರಿವಿಲ್ಲದೆ ಮಾಡುವ ಅವಮಾನ ಹಾಗೂ ಇತರರ ಅನುಭವವನ್ನೇ ಅಲ್ಲಗಳೆಯುವುದು.

ಮೌನವೇಕೆ?

ಬೇರೆಡೆಯಾದರೆ ಎದ್ದು ಹೋಗಬಹುದು. ವೈದ್ಯರಿಗೆ ಆ ಸ್ವಾತಂತ್ರ್ಯವಿಲ್ಲ. ತುರ್ತು ಚಿಕಿತ್ಸೆಗೆ ಬಂದವರನ್ನು ಪರೀಕ್ಷಿಸಿ ಅಪಾಯದಿಂದ ಪಾರುಮಾಡಬೇಕೆಂದು ಅಮೆರಿಕದಲ್ಲಿ 1986ರ ಕಾನೂನೇ ಇದೆ. ರೋಗಿ ನೋವಿನಲ್ಲಿರಬಹುದು, ಮರೆಗುಳಿತನದಿಂದ ಹಾಗೆ ಆಡಿರಬಹುದು. ಕಲಿಕೆಯ ಹಂತದಲ್ಲಿರುವ ವೈದ್ಯನಿಗಂತೂ ಮೇಲಿನವರು ಏನೆಂದುಕೊಂಡಾರೋ ಎಂಬ ಅಳುಕು ಬೇರೆ. ಹೀಗಾಗಿ ಮಾತು ಗಂಟಲಲ್ಲೇ ಉಳಿಯುತ್ತದೆ.

ಕಲಿಸುವುದೇನು?

ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯರು 2019ರಲ್ಲಿ ಪ್ರಕಟಿಸಿದ 'ಇರೇಸ್' ಎಂಬ ಕ್ರಮದಲ್ಲಿ ಐದು ಹೆಜ್ಜೆಗಳಿವೆ: ಇಂತಹುದು ನಡೆಯಬಹುದೆಂದು ಮೊದಲೇ ನಿರೀಕ್ಷಿಸುವುದು, ನಡೆದಾಗ ಗುರುತಿಸುವುದು, ಸ್ಥಳದಲ್ಲೇ ಪ್ರತಿಕ್ರಿಯಿಸುವುದು, ನೊಂದವರಿಗೆ ಬೆಂಬಲ ನೀಡುವುದು, ಗೌರವದ ವಾತಾವರಣವನ್ನು ನೆಲೆಗೊಳಿಸುವುದು. ಗಮನಿಸಬೇಕಾದ ಅಂಶವೆಂದರೆ, ಇದನ್ನು ರೂಪಿಸಿದ್ದು ಬೋಧಕ ವೈದ್ಯರಿಗಾಗಿ. ಮೇಯೊ ಕ್ಲಿನಿಕ್‌ನ 'ಸೇಫರ್' ಕ್ರಮದ ಮೊದಲ ಹೆಜ್ಜೆ ಮಧ್ಯಪ್ರವೇಶ, ಕೊನೆಯದು ವರದಿ ಸಲ್ಲಿಕೆ.

ಇಂತಹ ತರಬೇತಿಗಳಲ್ಲಿ ಒಬ್ಬರು ರೋಗಿಯ ಪಾತ್ರ ವಹಿಸುತ್ತಾರೆ, ಇನ್ನೊಬ್ಬರು ಉತ್ತರಿಸಲು ಅಭ್ಯಾಸ ಮಾಡುತ್ತಾರೆ. ವಾಕ್ಯಗಳು ಸರಳ: 'ನಾನೇ ನಿಮ್ಮ ಡಾಕ್ಟರು.' 'ನಿಮ್ಮ ಮಾತಿನ ಅರ್ಥವೇನು, ಬಿಡಿಸಿ ಹೇಳುವಿರಾ?' 'ಇಂತಹ ಮಾತು ಇಲ್ಲಿ ಬೇಡ. ಈಗ ನಿಮ್ಮ ಎದೆನೋವಿನ ವಿಚಾರ ನೋಡೋಣ.' ರೋಗಿಯನ್ನು ಸೋಲಿಸುವುದು ಗುರಿಯಲ್ಲ. ಚಿಕಿತ್ಸೆಯೂ ನಿಲ್ಲಬಾರದು, ಘನತೆಯೂ ಕುಂದಬಾರದು. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಚಿಕಿತ್ಸೆಯೇ ಮೊದಲು, ಮಾತು ಆಮೇಲೆ.

ಆದರೆ ಉತ್ತರದ ಹೊಣೆಯನ್ನೆಲ್ಲ ಕಿರಿಯರ ಹೆಗಲಿಗೇ ಹೊರಿಸಿದರೆ ತರಬೇತಿಯೂ ಮತ್ತೊಂದು ಭಾರವಾದೀತು. ಪಕ್ಕದಲ್ಲಿ ನಿಂತ ಹಿರಿಯ ವೈದ್ಯರು ಸುಮ್ಮನಿದ್ದರೆ ಅದು ಸಮ್ಮತಿಯಂತೆ ಕಾಣುತ್ತದೆ. 'ಇವರು ನಮ್ಮ ತಂಡದ ವೈದ್ಯರು, ಇವರ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ' ಎಂದು ಅವರು ಹೇಳುವ ಒಂದು ಮಾತಿನ ತೂಕವೇ ಬೇರೆ.

ನಮಗೂ ಸಂಬಂಧಿಸಿದ್ದು

ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಅಮೆರಿಕದಲ್ಲಿ ವೃತ್ತಿ ನಡೆಸುತ್ತಿರುವವರು ಅನೇಕರು. ಹೆಸರು, ಉಚ್ಚಾರ, ಮೈಬಣ್ಣಗಳ ಕುರಿತ ಮಾತು ಅವರಿಗೆ ಹೊಸದಲ್ಲ. ಇಲ್ಲಿನ ವಾರ್ಡುಗಳಲ್ಲೂ ವೈದ್ಯೆಯರನ್ನು 'ಸಿಸ್ಟರ್' ಎಂದು ಕರೆಯುವುದುಂಟು. ನರ್ಸ್ ವೃತ್ತಿ ಕೀಳೆಂದಲ್ಲ; ಹೆಣ್ಣಾದವಳು ಡಾಕ್ಟರಾಗಿರಲಾರಳು ಎಂಬ ಊಹೆಯೇ ನೋವಿನ ಮೂಲ.

ಭಾರತದ ಎಂಬಿಬಿಎಸ್ ಪಠ್ಯಕ್ರಮದಲ್ಲಿ 2019ರಿಂದ ಮನೋಭಾವ, ನೀತಿ ಮತ್ತು ಸಂವಹನ ಕುರಿತ ಪಾಠಗಳಿವೆ. ರೋಗಿಯೊಡನೆ ವೈದ್ಯರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೇ ಅಲ್ಲಿ ಹೆಚ್ಚಿನ ಒತ್ತು. ರೋಗಿಯ ಮಾತು ನೋಯಿಸಿದಾಗ ಏನು ಮಾಡಬೇಕೆಂಬ ಅಭ್ಯಾಸಕ್ಕೂ ಅದೇ ತರಗತಿಯಲ್ಲಿ ಜಾಗ ದೊರೆತರೆ ಕಿರಿಯರಿಗೆ ಉಪಕಾರವಾದೀತು.